ಮನೆಯಲ್ಲಿ ಕಟ್ಟಿದ ರೋಲ್‌ಪ್ಲೇ ಆಟವನ್ನು ಪುಸ್ತಕ ಮಾಡುವುದು: ಲೈಸೆನ್ಸ್‌ನಿಂದ ಬೈಂಡಿಂಗ್‌ವರೆಗೆ

ಗೆಳೆಯರಿಗೋಸ್ಕರ ಒಂದು ಸಾಹಸ, ಅಂದರೆ ಆಡುವ ಕಥೆ, ಬರೆದಿರುತ್ತೀರಿ. ನಾಲ್ಕಾರು ಭಾನುವಾರ ಆಡಿಸಿರುತ್ತೀರಿ. ಕೊನೆಗೆ ಗುಂಪಿನಲ್ಲಿ ಯಾರಾದರೂ ಒಬ್ಬರು "ಇದನ್ನ ಪುಸ್ತಕ ಮಾಡು ಗುರು, ಜನ ತಗೋತಾರೆ" ಅಂದೇ ಅನ್ನುತ್ತಾರೆ. ಆ ಮಾತಿನ ನಂತರ ಮಾಡಬೇಕಾದ ಕೆಲಸಗಳನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಸಾಲು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಆಡುತ್ತಾರೆ, ಏನಾಗುತ್ತೆ ಅನ್ನೋದನ್ನು ಡೈಸ್ ತೀರ್ಮಾನಿಸುತ್ತೆ. ಕಥೆ ನಡೆಸುವವರನ್ನು ಗೇಮ್ ಮಾಸ್ಟರ್, ಚಿಕ್ಕದಾಗಿ ಜಿಎಂ ಅನ್ನುತ್ತಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಇದು ದೊಡ್ಡದಾಯಿತು.

ಕಥೆ, ನಕ್ಷೆ, ನಿಯಮ ಎಲ್ಲ ನಿಮ್ಮ ಹತ್ತಿರ ಆಗಲೇ ಇದೆ. ಇಲ್ಲದಿರುವುದು ಒಂದು ಪ್ರಶ್ನೆಗೆ ಉತ್ತರ: ಈ ಪುಸ್ತಕದಲ್ಲಿ ಯಾವುದು ಯಾರದು? ಅದಕ್ಕೆ ಸರಿಯಾಗಿ ಉತ್ತರ ಬರೆದಿಟ್ಟುಕೊಂಡರೆ ಲೈಸೆನ್ಸ್ (ಬಳಸಲು ಕೊಡುವ ಅನುಮತಿ) ಆರಿಸುವುದು, ಚಿತ್ರ ಬರೆದವರಿಗೆ ಕಾಗದ ಮಾಡಿಕೊಡುವುದು, ಮಾರುವ ಜಾಗ ಹುಡುಕುವುದು ಎಲ್ಲ ಸಲೀಸಾಗುತ್ತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. ನಾನು ವಕೀಲನಲ್ಲ. ದೊಡ್ಡ ದುಡ್ಡಿನ ಮಾತು ಬಂದರೆ ವಕೀಲರನ್ನೇ ಕೇಳಿ.

ಮೊದಲು ಒಂದು ಹಾಳೆ: ಯಾವುದು ಯಾರದು

ಉದಾಹರಣೆಗೆ ನಿಮ್ಮ ಸಾಹಸ ತಲಕಾಡಿನ ಕಡೆಯದು ಅಂದುಕೊಳ್ಳಿ. ಮರಳಿನಡಿ ಹೂತುಹೋದ ಊರು, ಅದರೊಳಗೆ ಇಳಿಯುವ ನಾಲ್ವರು, ರಾತ್ರಿ ಮರಳಿನಿಂದ ಏಳುವ ಕಾವಲುಗಾರರು. ಹೆಸರು "ಮರಳೂರಿನ ಶಾಪ". 48 ಪುಟ. ಈಗ ಒಂದು ದೊಡ್ಡ ಹಾಳೆ ತಗೊಂಡು ಪುಸ್ತಕದಲ್ಲಿರುವ ಪ್ರತಿಯೊಂದನ್ನೂ ಬರೆಯಿರಿ. ಪಕ್ಕದಲ್ಲಿ ಅದು ಎಲ್ಲಿಂದ ಬಂತು ಅಂತ ಬರೆಯಿರಿ. ಬೇಜಾರಿನ ಕೆಲಸವೇ. ಆದರೂ ಮಾಡಿ.

ಆಟದ ನಿಯಮ. "20 ಮುಖದ ಡೈಸ್ ಹಾಕಿ, ನಿಮ್ಮ ಶಕ್ತಿಯ ಅಂಕ ಕೂಡಿಸಿ, 15 ದಾಟಿದರೆ ಬಾಗಿಲು ತೆರೆಯುತ್ತೆ." ಇದು ಯಾರದೂ ಅಲ್ಲ. ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಂ) ಪ್ರಕಾರ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ. ಕಾಪಿರೈಟ್ ಕೂಡ ಐಡಿಯಾಗೆ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ. ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಹಾಗಾಗಿ ಡೈಸ್ ಹಾಕುವ ಲೆಕ್ಕ ಯಾರು ಬೇಕಾದರೂ ಬಳಸಬಹುದು. ಆ ಲೆಕ್ಕವನ್ನು ವಿವರಿಸಲು ಬೇರೊಬ್ಬರು ಬರೆದ ಪ್ಯಾರಾ ಮಾತ್ರ ಅವರದು. ಅದನ್ನು ಎತ್ತಿಕೊಳ್ಳುವ ಹಾಗಿಲ್ಲ. ಸ್ವಂತ ಮಾತಲ್ಲಿ ಹೊಸದಾಗಿ ಬರೆದರೆ ತೊಂದರೆ ಇಲ್ಲ.

ಐತಿಹ್ಯ. "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ" ಅನ್ನುವ ಅಲಮೇಲಮ್ಮನ ಶಾಪ ಜನರ ಬಾಯಲ್ಲಿ ಬಂದದ್ದು. ಅದು ಎಲ್ಲರದು. ಆದರೆ ಅದೇ ಕಥೆಯನ್ನು ಇತ್ತೀಚಿನ ಲೇಖಕರೊಬ್ಬರು ಕಾದಂಬರಿಯಾಗಿಯೋ ನಾಟಕವಾಗಿಯೋ ಬರೆದಿದ್ದರೆ, ಅವರು ಹುಟ್ಟಿಸಿದ ಪಾತ್ರ, ಸಂಭಾಷಣೆ ಅವರದೇ. ನೀವು ಶಾಪ ಓದಿದ್ದು ಎಲ್ಲಿ ಅಂತ ನೆನಪು ಮಾಡಿಕೊಳ್ಳಿ. ಅಜ್ಜಿ ಹೇಳಿದ್ದೋ, ನಾಟಕದಲ್ಲಿ ನೋಡಿದ್ದೋ?

ಇಲ್ಲಿ ಕಾನೂನಿಗೆ ಸಂಬಂಧವಿಲ್ಲದ ಒಂದು ಮಾತು. ಶಾಪದ ಮೂರನೇ ಸಾಲು ಇವತ್ತಿಗೂ ಇರುವ ಒಂದು ಮನೆತನದ ಮೇಲೆ ಬೀಳುತ್ತೆ. ನಾನಾದರೆ ಅದನ್ನು ಆಟಕ್ಕೆ ತರುವುದಿಲ್ಲ. ಒಂದು ಕಾಲ್ಪನಿಕ ಪಾಳೇಗಾರರ ಮನೆತನ ಕಟ್ಟಿ ಶಾಪವನ್ನು ಅವರ ತಲೆಗೆ ಕಟ್ಟುತ್ತೇನೆ. ಕಥೆಗೂ ಕೈಕಾಲು ಆಡಿಸಲು ಜಾಗ ಸಿಗುತ್ತೆ. ದೇವರು, ಜಾತಿ ಹೆಸರುಗಳ ವಿಷಯದಲ್ಲೂ ಹೀಗೇ. ದೇವರಿಗೆ ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಿಂದಂತೆ ಇಳಿಯುವ ಪ್ರಾಣದ ಅಂಕ ಕೊಡಬೇಡಿ, ಸುಮ್ನೆ ಜಗಳ.

ಕವಿತೆ, ಹಾಡು. ಅಧ್ಯಾಯದ ತಲೆಯಲ್ಲಿ ಕುವೆಂಪು ಅವರ ನಾಲ್ಕು ಸಾಲು ಹಾಕೋಣ ಅನ್ನಿಸುತ್ತೆ, ಅಲ್ವಾ? ಭಾರತದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಕಾಪಿರೈಟ್ ಇರುತ್ತೆ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ. ಅಂದರೆ 2054ರ ಕೊನೆಯವರೆಗೆ ಹಕ್ಕುದಾರರ ಅನುಮತಿ ಬೇಕು. ವಚನ, ದಾಸರ ಪದ, ಕುಮಾರವ್ಯಾಸನ ಸಾಲುಗಳಿಗೆ ಈ ತಲೆನೋವಿಲ್ಲ. ಈಗಿನವರು ಅದಕ್ಕೆ ಬರೆದ ಟಿಪ್ಪಣಿಯನ್ನೋ ಅನುವಾದವನ್ನೋ ಎತ್ತಿದರೆ ಮಾತ್ರ ಕಷ್ಟ.

ಹಳೆಯ ಆಟಗಳು. ಮೈಸೂರಿನವರಿಗೆ ಇದೊಂದು ಖಜಾನೆ. ಮುಮ್ಮಡಿ ಕೃಷ್ಣರಾಜ ಒಡೆಯರ್‌ಗೆ ಆಟದ ಹುಚ್ಚು ವಿಪರೀತ. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ ಗಂಜೀಫಾ, ಅಂದರೆ ಇಸ್ಪೀಟಿನಂಥ ಹಳೆಯ ಎಲೆಗಳ ಆಟಗಳ ವಿವರ ಇದೆ. ಅವರು ತೀರಿಕೊಂಡಿದ್ದು 1868ರಲ್ಲಿ, ಹಾಗಾಗಿ ಆ ಬರಹಕ್ಕೆ ಈಗ ಕಾಪಿರೈಟ್ ಇಲ್ಲ. ಡೈಸ್ ಬದಲು ಗಂಜೀಫಾ ಎಲೆ ಎಳೆದು ಫಲಿತಾಂಶ ನೋಡುವ ಆಟ ಕಟ್ಟಬಹುದು. ಚೌಕಾಬಾರದ ಕವಡೆ, ಪಗಡೆಯ ದಾಳ, ಹುಲಿ-ಕುರಿ ಆಟದ ಮನೆ ಎಲ್ಲವೂ ನಿಮ್ಮದೇ. ಎರಡು ಕಡೆ ಮಾತ್ರ ಹುಷಾರು. ಹಸ್ತಪ್ರತಿಯ ಹೊಸ ಮುದ್ರಣದಲ್ಲಿರುವ ಮುನ್ನುಡಿ, ಅನುವಾದ ಬೇರೆಯವರ ಸ್ವತ್ತು. ಇನ್ನೊಂದು, ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದೆ. ಪ್ರೆಸ್‌ನಲ್ಲಿ ಅಚ್ಚು ಹಾಕಿಸಿದ ರಟ್ಟಿನ ಕಾರ್ಡಿನ ಡಬ್ಬಿ ಮೇಲೆ ಆ ಹೆಸರು ಹಾಕಿ ಮಾರಬೇಡಿ. ಕೈಯಲ್ಲಿ ಬಣ್ಣ ಹಾಕಿ ಎಲೆ ಮಾಡುವ ಕಲಾವಿದರ ಹೆಸರದು.

ಫೋಟೋ, ಚಿತ್ರ. ದೇವಸ್ಥಾನ ಸಾವಿರ ವರ್ಷ ಹಳೆಯದಿರಬಹುದು, ಫೋಟೋ ಮಾತ್ರ ತೆಗೆದವರದು. ನೆಟ್‌ನಲ್ಲಿ ಸಿಕ್ಕ ಚಿತ್ರ "ಎಲ್ಲರೂ ಹಾಕ್ತಾರೆ" ಅಂತ ಹಾಕಬೇಡಿ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿಗುವ ಫೋಟೋಗಳಲ್ಲಿ ಬಹಳಷ್ಟಕ್ಕೆ ಹೆಸರು ಹಾಕಬೇಕು ಮತ್ತು ಬದಲಾಯಿಸಿದರೆ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು ಅನ್ನುವ ಷರತ್ತು ಇರುತ್ತೆ. ಫೋಟೋದ ಕೆಳಗೆ ಬರೆದಿರುತ್ತೆ, ಓದಿ. ತಲಕಾಡಿಗೆ ನೀವೇ ಹೋಗಿ ಫೋಟೋ ತೆಗೆದು, ಅದನ್ನು ನೋಡಿಕೊಂಡು ಚಿತ್ರ ಬರೆಸುವುದು ಎಲ್ಲಕ್ಕಿಂತ ಸುಲಭ.

ಗೆಳೆಯರ ಪಾತ್ರಗಳು. ಇದನ್ನು ಎಲ್ಲರೂ ಮರೆಯುತ್ತಾರೆ. ಸೆಷನ್‌ನಲ್ಲಿ ನಿಮ್ಮ ಗೆಳತಿ ಹುಟ್ಟಿಸಿದ ಕಳ್ಳಿ ಪುಟ್ಟತಾಯಿ, ಅವಳ ಹಾಸ್ಯ, ಅವಳು ಬರೆದಿಟ್ಟ ಎರಡು ಪುಟದ ಹಿನ್ನೆಲೆ ಅವಳದು. ಪುಸ್ತಕಕ್ಕೆ ಬೇಕಿದ್ದರೆ ಕೇಳಿ. ಹೂಂ ಅಂದರೆ ಸಹಿ ಹಾಕಿಸಿಕೊಳ್ಳಿ, ಹೆಸರು ಹಾಕಿ.

ಯಾವ ಆಟದ ಮೇಲೆ ಕಟ್ಟಿದ್ದೀರಿ?

ಹಾಳೆ ಮುಗಿದ ಮೇಲೆ ಎರಡನೇ ಹೆಜ್ಜೆ. ನಿಮ್ಮ ಸಾಹಸ ಪೂರ್ತಿ ಸ್ವಂತ ನಿಯಮದ್ದಾದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಬೇರೆ ಆಟದ ಮೇಲೆ ನಿಂತಿದ್ದರೆ ಆ ಆಟದವರು ಏನು ಬಿಟ್ಟುಕೊಟ್ಟಿದ್ದಾರೆ ಅಂತ ನೋಡಬೇಕು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಕಥೆ ಸ್ವಲ್ಪ ಉದ್ದ. ಆ ಆಟದ ಒಡೆತನ ಇರುವ ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ 2000ದಲ್ಲಿ ಓಪನ್ ಗೇಮ್ ಲೈಸೆನ್ಸ್, ಅಂದರೆ ಓಜಿಎಲ್ ತಂದಿತು. ಅದನ್ನು ನಂಬಿ ನೂರಾರು ಚಿಕ್ಕ ಪ್ರಕಾಶಕರು ಪುಸ್ತಕ ಮಾಡಿದರು. 2023ರ ಜನವರಿಯಲ್ಲಿ ಕಂಪನಿ ಆ ಲೈಸೆನ್ಸ್ ಬದಲಾಯಿಸಲು ಹೊರಟ ಕರಡು ಹೊರಬಿತ್ತು. ಆಟಗಾರರು ತಿರುಗಿಬಿದ್ದರು. ಅದೇ ತಿಂಗಳ 27ಕ್ಕೆ ಕಂಪನಿ ಹಿಂದೆ ಸರಿದು, ಎಸ್‌ಆರ್‌ಡಿ 5.1 ಅನ್ನುವ ಸುಮಾರು 400 ಪುಟದ ಮೂಲ ನಿಯಮಗಳನ್ನು, ಹೆಸರು ಹಾಕಿದರೆ ಯಾರು ಬೇಕಾದರೂ ಬಳಸಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಲೈಸೆನ್ಸ್‌ನಡಿ ಕೊಟ್ಟುಬಿಟ್ಟಿತು. 2025ರಲ್ಲಿ ಹೊಸ ನಿಯಮಗಳ ಎಸ್‌ಆರ್‌ಡಿ 5.2 ಕೂಡ ಅದೇ ಲೈಸೆನ್ಸ್‌ನಲ್ಲಿ ಬಂತು. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಒಮ್ಮೆ ಕೊಟ್ಟರೆ ವಾಪಸ್ ತಗೊಳ್ಳಲು ಬರುವುದಿಲ್ಲ. ನಮಗೆ ಬೇಕಿದ್ದೂ ಅಷ್ಟೇ.

ಇದರರ್ಥ: ಎಸ್‌ಆರ್‌ಡಿಯಲ್ಲಿರುವ ಮಂತ್ರ, ಆಯುಧ, ಶತ್ರುಗಳ ಅಂಕಿಪಟ್ಟಿ ಬಳಸಬಹುದು, ಬದಲಾಯಿಸಬಹುದು, ದುಡ್ಡಿಗೆ ಮಾರಬಹುದು. ಕನ್ನಡಕ್ಕೆ ಅನುವಾದವನ್ನೂ ಮಾಡಬಹುದು. ಆದರೆ ಅಂಗಡಿಯಲ್ಲಿ ಸಿಗುವ ದಪ್ಪ ರೂಲ್‌ಬುಕ್‌ಗಳಲ್ಲಿರುವ ಎಲ್ಲವೂ ಎಸ್‌ಆರ್‌ಡಿಯಲ್ಲಿ ಇಲ್ಲ. ಬಿಹೋಲ್ಡರ್, ಮೈಂಡ್ ಫ್ಲೇಯರ್ ಅನ್ನುವ ಶತ್ರುಗಳ ಅಂಕಿಪಟ್ಟಿ ಅದರಲ್ಲಿಲ್ಲ. ಫರ್ಗಾಟನ್ ರೆಲ್ಮ್ಸ್ ಅನ್ನುವ ಲೋಕವೂ ಕಂಪನಿಯದೇ. ಹಾಗಾಗಿ ರೂಲ್‌ಬುಕ್ ಮುಚ್ಚಿಡಿ. ಎಸ್‌ಆರ್‌ಡಿಯ ಪಿಡಿಎಫ್ ಇಳಿಸಿಕೊಂಡು ಅದನ್ನು ಮಾತ್ರ ನೋಡಿ ಬರೆಯಿರಿ. ಯಾವ ಶತ್ರು ಬೇಕೋ ಅದರ ಹೆಸರನ್ನು ಆ ಪಿಡಿಎಫ್‌ನಲ್ಲಿ ಹುಡುಕಿ. ಅಂಕಿಪಟ್ಟಿ ಸಿಕ್ಕರೆ ಸರಿ. ಇಲ್ಲದಿದ್ದರೆ ನಮ್ಮಲ್ಲಿ ದೆವ್ವ, ಬ್ರಹ್ಮರಾಕ್ಷಸ, ಮೋಹಿನಿಗೇನು ಬರ ಇಲ್ಲ.

ಷರತ್ತು ಒಂದೇ: ಋಣ ಸೂಚಿಸಬೇಕು. ಎಸ್‌ಆರ್‌ಡಿಯ ಮೊದಲ ಪುಟದಲ್ಲಿ ಅದರ ಒಕ್ಕಣೆ ಇದೆ. ಅದನ್ನು ಇಂಗ್ಲಿಷ್‌ನಲ್ಲಿ ಇದ್ದಂತೆಯೇ ನಿಮ್ಮ ಪುಸ್ತಕದಲ್ಲಿ ಹಾಕಿ. ಕನ್ನಡದಲ್ಲೂ ಬೇಕಿದ್ದರೆ ಕೆಳಗೆ ಸೇರಿಸಿ. ಬದಲಾಯಿಸಿದ್ದರೆ ಬದಲಾಯಿಸಿದ್ದೇವೆ ಅಂತ ಒಂದು ಸಾಲು ಬರೆಯಿರಿ. ಮುಖಪುಟದಲ್ಲಿ "5ಇ ಕಂಪ್ಯಾಟಿಬಲ್" (ಆಟದ ಐದನೇ ಆವೃತ್ತಿಗೆ ಹೊಂದುತ್ತೆ) ಅಂತ ಹಾಕಲು ಆ ಒಕ್ಕಣೆಯೇ ಅವಕಾಶ ಕೊಡುತ್ತೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಲೋಗೊ ಹಾಕಬೇಡಿ. ಅದು ಟ್ರೇಡ್‌ಮಾರ್ಕ್. ಕ್ರಿಯೇಟಿವ್ ಕಾಮನ್ಸ್ ಅದನ್ನು ಮುಟ್ಟುವುದಿಲ್ಲ.

ಉಳಿದ ಆಟಗಳನ್ನು ಬೇಗ ಹೇಳಿಬಿಡುತ್ತೇನೆ. ಫೇಟ್ ಕೋರ್ ಮತ್ತು ಬ್ಲೇಡ್ಸ್ ಇನ್ ದಿ ಡಾರ್ಕ್‌ನ ಎಸ್‌ಆರ್‌ಡಿಗಳು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 3.0ದಲ್ಲಿವೆ. ಕೇರ್ನ್ ಅನ್ನುವ ಚಿಕ್ಕ ಆಟ ಷೇರ್‌ಅಲೈಕ್ 4.0ದಲ್ಲಿದೆ. ಅಂದರೆ ಅದರಿಂದ ಕಟ್ಟಿದ ನಿಮ್ಮ ಬರಹವನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡಬೇಕು. ಪಾತ್‌ಫೈಂಡರ್‌ನ ಪೈಜೊ ಕಂಪನಿ ಮುಂದೆ ನಿಂತು 2023ರ ಜೂನ್‌ನಲ್ಲಿ ಓಆರ್‌ಸಿ ಲೈಸೆನ್ಸ್ ತಂದಿತು. ಅದರಲ್ಲಿ ನೀವು ಸೇರಿಸಿದ ನಿಯಮಗಳು ತಾನಾಗೇ ಎಲ್ಲರದಾಗುತ್ತವೆ, ಕಥೆ ಮತ್ತು ಪಾತ್ರ ನಿಮ್ಮದಾಗೇ ಉಳಿಯುತ್ತವೆ. ನನ್ನ ಸಲಹೆ ಕೇಳಿದರೆ, ಮೊದಲ ಪುಸ್ತಕಕ್ಕೆ ಆಟ್ರಿಬ್ಯೂಷನ್ ಮಾತ್ರ ಕೇಳುವ ಆಟವನ್ನೇ ಆರಿಸಿ. ಷರತ್ತು ಕಡಿಮೆ.

ಡಿಎಂಸ್ ಗಿಲ್ಡ್ ಬೇರೆಯೇ ದಾರಿ. 2016ರಲ್ಲಿ ಶುರುವಾದ ಆ ತಾಣದಲ್ಲಿ ಫರ್ಗಾಟನ್ ರೆಲ್ಮ್ಸ್‌ನಂಥ ಕಂಪನಿಯ ಲೋಕಗಳನ್ನೂ ಬಳಸಿ ಮಾರಬಹುದು. ಬದಲಿಗೆ ಬಂದ ದುಡ್ಡಿನಲ್ಲಿ ಅರ್ಧ ಮಾತ್ರ ನಿಮಗೆ. ಆ ಪುಸ್ತಕವನ್ನು ಬೇರೆಲ್ಲೂ ಮಾರುವ ಹಾಗಿಲ್ಲ. ಅದರಲ್ಲಿ ನೀವು ಹುಟ್ಟಿಸಿದ ಪಾತ್ರ, ಊರುಗಳನ್ನು ಗಿಲ್ಡ್‌ನ ಬೇರೆ ಲೇಖಕರೂ ಬಳಸಬಹುದು. ಮರಳೂರಿನಂಥ ಸ್ವಂತ ಲೋಕವನ್ನು ಅಲ್ಲಿ ಹಾಕುವುದು ನನಗಂತೂ ನಷ್ಟದ ವ್ಯಾಪಾರ.

ನಿಮ್ಮ ಬರಹಕ್ಕೆ ನಿಮ್ಮ ಲೈಸೆನ್ಸ್

ಬೇರೆಯವರ ಲೈಸೆನ್ಸ್ ಓದಿದ್ದಾಯಿತು. ಈಗ ನೀವು ಓದುಗರಿಗೆ ಏನು ಕೊಡುತ್ತೀರಿ? ಏನೂ ಬರೆಯದಿದ್ದರೆ ಎಲ್ಲ ಹಕ್ಕೂ ನಿಮ್ಮ ಹತ್ತಿರವೇ. ಬರೆದ ಕ್ಷಣದಿಂದ ಕಾಪಿರೈಟ್ ತಾನಾಗೇ ಬರುತ್ತೆ, ನೋಂದಣಿ ಬೇಕಿಲ್ಲ. ಆದರೆ ಆಟದ ಪುಸ್ತಕಕ್ಕೆ ಪೂರ್ತಿ ಬೀಗ ಹಾಕಿದರೆ ಯಾರೂ ಅದರ ಮೇಲೆ ಇನ್ನೊಂದು ಸಾಹಸ ಬರೆಯುವುದಿಲ್ಲ. ಕನ್ನಡದಲ್ಲಿ ಈ ಆಟಗಳು ಇನ್ನೂ ಬೆರಳೆಣಿಕೆ. ಯಾರಾದರೂ ಮಂಡ್ಯದ ಕಡೆಯವರು ನಿಮ್ಮ ನಿಯಮ ತಗೊಂಡು ಮೇಲುಕೋಟೆಯ ಬೆಟ್ಟದಲ್ಲಿ ಒಂದು ಸಾಹಸ ಕಟ್ಟಿದರೆ ನಿಮ್ಮ ಪುಸ್ತಕಕ್ಕೇ ಲಾಭ.

ಹಾಗಾಗಿ ಪುಸ್ತಕವನ್ನು ಎರಡು ಪಾಲು ಮಾಡಿ. ನಿಯಮ, ಅಂಕಿಪಟ್ಟಿ ತೆರೆದಿಡಿ. ಕಥೆ, ಹೆಸರು, ಚಿತ್ರ ನಿಮ್ಮಲ್ಲೇ ಇರಲಿ. ಎಲ್ಲಿಂದ ಎಲ್ಲಿಯವರೆಗೆ ಅಂತ ಪುಟದ ಸಂಖ್ಯೆ ಹಾಕಿ ಹೇಳಿ. ಎರಡನೇ ಪುಟದಲ್ಲಿ ಹೀಗೆ ಬರೆಯಬಹುದು:

"ಮರಳೂರಿನ ಶಾಪ, ಆವೃತ್ತಿ 1.0. ಬರಹದ ಕಾಪಿರೈಟ್ ಲೇಖಕರದು. ಚಿತ್ರ ಮತ್ತು ನಕ್ಷೆಗಳ ಕಾಪಿರೈಟ್ ಕಲಾವಿದರದು, ಅವರ ಅನುಮತಿಯಿಂದ ಬಳಸಿದೆ. 40ರಿಂದ 46ನೇ ಪುಟದವರೆಗಿನ ನಿಯಮ ಮತ್ತು ಅಂಕಿಪಟ್ಟಿಗಳ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಅಂತರರಾಷ್ಟ್ರೀಯ ಲೈಸೆನ್ಸ್‌ನಡಿ ಯಾರು ಬೇಕಾದರೂ ಬಳಸಬಹುದು. ಕಥೆ, ಪಾತ್ರ, ಊರುಗಳ ಹೆಸರು, ನಕ್ಷೆ, ಚಿತ್ರಗಳು ಈ ಲೈಸೆನ್ಸ್‌ಗೆ ಸೇರಿಲ್ಲ. 47 ಮತ್ತು 48ನೇ ಪುಟದ ಕ್ಯಾರೆಕ್ಟರ್ ಶೀಟನ್ನು (ಪಾತ್ರದ ವಿವರ ತುಂಬುವ ಹಾಳೆ) ಸ್ವಂತ ಆಟಕ್ಕೆ ಜೆರಾಕ್ಸ್ ಮಾಡಿಕೊಳ್ಳಬಹುದು."

ಅದರ ಕೆಳಗೆ ಎಸ್‌ಆರ್‌ಡಿಯ ಒಕ್ಕಣೆ. ಅಷ್ಟೇ. ಬೇರೆ ಪುಸ್ತಕದಿಂದ ಅರ್ಧಂಬರ್ಧ ಕಾನೂನು ಭಾಷೆ ಕಾಪಿ ಮಾಡಿ ಹಾಕಬೇಡಿ. "ವ್ಯಾಪಾರಕ್ಕಲ್ಲ" ಅನ್ನುವ ನಾನ್‌ಕಮರ್ಷಿಯಲ್ ಷರತ್ತಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಐವತ್ತು ರೂಪಾಯಿಗೆ ಒಂದು ಚಿಕ್ಕ ಪುಸ್ತಿಕೆ ಮಾಡುವ ಕಾಲೇಜು ಹುಡುಗನಿಗೂ ಅದು ಅಡ್ಡ ಬರುತ್ತೆ. ನಿರ್ಧಾರ ನಿಮ್ಮದು. ಕೊಟ್ಟ ಮೇಲೆ ವಾಪಸ್ ಇಲ್ಲ ಅನ್ನೋದು ನೆನಪಿರಲಿ.

ಚಿತ್ರ ಬರೆದವರ ಜೊತೆ ಕಾಗದ

ಮೈಸೂರಲ್ಲಿ ಕಲಾವಿದರಿಗೆ ಕೊರತೆ ಇಲ್ಲ. ಕಾವಾದಲ್ಲಿ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಓದುವ, ಓದಿ ಹೊರಬಂದ ಹುಡುಗ ಹುಡುಗಿಯರು ಎಷ್ಟೋ ಜನ. ಕೆಲಸ ಕೊಡಿ, ದುಡ್ಡು ಕೊಡಿ. "ಹೆಸರು ಬರುತ್ತೆ" ಅಂತ ಪುಕ್ಕಟೆ ಕೆಲಸ ಕೇಳಬೇಡಿ.

ದುಡ್ಡು ಕೊಟ್ಟೆ, ಚಿತ್ರ ನನ್ನದಾಯ್ತು ಅಂದುಕೊಳ್ಳುವುದು ಅಷ್ಟು ಸರಳವಲ್ಲ. ಕಾಪಿರೈಟ್ ಕಾಯ್ದೆಯ ಸೆಕ್ಷನ್ 17ರಲ್ಲಿ, ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್, ಪೋರ್ಟ್ರೇಟ್, ತೆಗೆಸಿದ ಫೋಟೋಗಳಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಒಡೆಯರು ಅಂತ ಇದೆ. ಹೊರಗಿನವರು ಬರೆದುಕೊಟ್ಟ ಬರಹ ಆ ಪಟ್ಟಿಯಲ್ಲಿಲ್ಲ. ನಕ್ಷೆ, ಪುಟವಿನ್ಯಾಸದ ಹೆಸರೂ ಅಲ್ಲಿಲ್ಲ. ಟ್ಯಾಬ್ಲೆಟ್‌ನಲ್ಲಿ ಬರೆದ ಚಿತ್ರ ಪೇಂಟಿಂಗೋ ಅಲ್ಲವೋ ಅಂತ ಇಬ್ಬರು ಗೆಳೆಯರು ವಾದ ಮಾಡುವ ಹೊತ್ತಿಗೆ ಗೆಳೆತನ ಕೆಟ್ಟಿರುತ್ತೆ. ಮೊದಲೇ ಬರೆದುಕೊಳ್ಳಿ.

ಬರೆಯುವಾಗ ಸೆಕ್ಷನ್ 19 ಗಮನಿಸಬೇಕು. ಹಕ್ಕು ವರ್ಗಾವಣೆಗೆ ಸಹಿ ಹಾಕಿದ ಬರಹ ಬೇಕು. ಎಷ್ಟು ವರ್ಷಕ್ಕೆ ಅಂತ ಹೇಳದಿದ್ದರೆ ಐದೇ ವರ್ಷ. ಯಾವ ದೇಶಕ್ಕೆ ಅಂತ ಹೇಳದಿದ್ದರೆ ಭಾರತ ಮಾತ್ರ. ಬೇರೆ ಮಾತು ಬರೆದಿರದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ಬಿದ್ದುಹೋಗುತ್ತೆ. ಲೈಸೆನ್ಸ್‌ಗಳಿಗೂ ಇದೇ ಲೆಕ್ಕ. ಈಗ ಯೋಚಿಸಿ: ಪಿಡಿಎಫ್ ನೆಟ್‌ನಲ್ಲಿ ಹಾಕಿದ ದಿನದಿಂದ ಅಮೆರಿಕದವರೂ ಕೊಳ್ಳುತ್ತಾರೆ. ಕಾಗದದಲ್ಲಿ "ಜಗತ್ತಿನಾದ್ಯಂತ" ಅನ್ನುವ ಒಂದು ಪದ ಇಲ್ಲದಿದ್ದರೆ ಆ ಮಾರಾಟಕ್ಕೆ ನಿಮ್ಮ ಹತ್ತಿರ ಚಿತ್ರದ ಹಕ್ಕೇ ಇಲ್ಲ.

ನಾನು ಹಕ್ಕು ಕೊಂಡುಕೊಳ್ಳುವುದಕ್ಕಿಂತ ಅನುಮತಿ ಪಡೆಯುವುದನ್ನೇ ಇಷ್ಟಪಡುತ್ತೇನೆ. ಕಲಾವಿದರು ಅದೇ ಚಿತ್ರವನ್ನು ಪ್ರಿಂಟ್ ಮಾಡಿ ಚಿತ್ರಸಂತೆಯಲ್ಲಿ ಮಾರಿಕೊಳ್ಳಲಿ, ನನಗೇನು ನಷ್ಟ? ಒಂದು ಪುಟ ಸಾಕು:

"ಕೆಳಗೆ ಹೆಸರಿಸಿದ ಆರು ಚಿತ್ರ ಮತ್ತು ಒಂದು ನಕ್ಷೆಯನ್ನು ಮರಳೂರಿನ ಶಾಪ ಪುಸ್ತಕದ ಮುದ್ರಿತ ಹಾಗೂ ಪಿಡಿಎಫ್ ಆವೃತ್ತಿಗಳಲ್ಲಿ ಮತ್ತು ಅದರ ಜಾಹೀರಾತಿನಲ್ಲಿ, ಜಗತ್ತಿನಾದ್ಯಂತ, ಕಾಪಿರೈಟ್ ಇರುವಷ್ಟು ಕಾಲ ಬಳಸಲು ಅನುಮತಿ ಕೊಟ್ಟಿದ್ದೇನೆ. ಒಂದು ವರ್ಷದೊಳಗೆ ಪುಸ್ತಕ ಬರದಿದ್ದರೂ ಅನುಮತಿ ಮುಂದುವರಿಯುತ್ತದೆ. ಚಿತ್ರಗಳ ಕಾಪಿರೈಟ್ ನನ್ನದೇ. ಬೇರೆಡೆ ಬಳಸಲು ಮತ್ತೆ ಕೇಳಬೇಕು. ಇದಕ್ಕೆ ಇಷ್ಟು ರೂಪಾಯಿ ಪಡೆದಿದ್ದೇನೆ. ಪುಸ್ತಕದಲ್ಲಿ ನನ್ನ ಹೆಸರು ಇರಬೇಕು."

ದಿನಾಂಕ, ಇಬ್ಬರ ಸಹಿ, ಚಿತ್ರಗಳ ಪಟ್ಟಿ. ಮರುಮುದ್ರಣವಾದರೆ ಮತ್ತೆ ದುಡ್ಡು ಕೊಡುತ್ತೀರಾ ಅನ್ನೋದನ್ನೂ ಸೇರಿಸಿ. ಹೆಸರು ಹಾಕಿಸಿಕೊಳ್ಳುವ ಹಕ್ಕು ಸೆಕ್ಷನ್ 57ರ ಪ್ರಕಾರ ಕಾಪಿರೈಟ್ ಮಾರಿದ ಮೇಲೂ ಕಲಾವಿದರಿಗೆ ಇರುತ್ತೆ. ಜೊತೆಗೂಡಿ ಬರೆದ ಗೆಳೆಯರಿಗೂ, ಪ್ರೂಫ್ ನೋಡಿದವರಿಗೂ ಇಂಥದೇ ಚಿಕ್ಕ ಕಾಗದ ಇದ್ದರೆ ಒಳ್ಳೆಯದು.

ನೀವಿಲ್ಲದೆ ಆಡಲಿ

ಅಚ್ಚಿಗೆ ಹೋಗುವ ಮುಂಚೆ ನಿಮ್ಮ ಪರಿಚಯ ಅಷ್ಟಾಗಿ ಇಲ್ಲದ ಗುಂಪೊಂದಕ್ಕೆ ಪುಸ್ತಕ ಕೊಡಿ. ಅವರು ಆಡುವಾಗ ನೀವು ಮೂಲೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಿ. ಜಿಎಂ ಎಲ್ಲಿ ಪುಟ ಹಿಂದೆ ಮುಂದೆ ತಿರುಗಿಸುತ್ತಾರೋ ಅಲ್ಲಿ ಗುರುತು ಮಾಡಿಕೊಳ್ಳಿ. ಆ ಪುಟಗಳನ್ನು ಮತ್ತೆ ಬರೆಯಿರಿ.

ಕನ್ನಡದ ಪುಟ ಕಟ್ಟುವುದು

ಇಲ್ಲಿ ಇಂಗ್ಲಿಷ್ ಗೈಡ್‌ಗಳು ಕೈಕೊಡುತ್ತವೆ. ಅವರ ರೂಲ್‌ಬುಕ್‌ಗಳು ಎರಡು ಕಾಲಂನಲ್ಲಿ ಇರುತ್ತವೆ. ಕನ್ನಡದ ಉದ್ದುದ್ದ ಪದಗಳನ್ನು ಆ ಸಣ್ಣ ಕಾಲಂಗೆ ತುರುಕಿದರೆ ಸಾಲುಗಳ ಮಧ್ಯೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತೆ. ಒಂದೇ ಕಾಲಂ ಇಡಿ. ಅಂಕಿಪಟ್ಟಿಗೆ ಬಾಕ್ಸ್ ಹಾಕಿ, ಅದರೊಳಗೆ ಎಡಕ್ಕೆ ಮಾತ್ರ ಹೊಂದಿಸಿ. ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗದಂತೆ ಸಾಲಿನ ಅಂತರ ಜಾಸ್ತಿ ಬೇಕು. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್‌ನಿಂದ ಶುರು ಮಾಡಿ ನೋಡಿ.

ಫಾಂಟ್‌ಗೂ ಲೈಸೆನ್ಸ್ ಇದೆ. ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇವೆಲ್ಲ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಪುಸ್ತಕದಲ್ಲಿ, ಪಿಡಿಎಫ್‌ನಲ್ಲಿ ಹಾಕಿ ಮಾರಬಹುದು. ಇನ್ಯಾವುದೋ ಸಿನಿಮಾ ಪೋಸ್ಟರ್ ಫಾಂಟ್ ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟರು ಅಂತ ಮುಖಪುಟಕ್ಕೆ ಹಾಕಬೇಡಿ.

ಸಾಫ್ಟ್‌ವೇರ್ ವಿಷಯದಲ್ಲಿ, ಇನ್‌ಡಿಸೈನ್ ಬಳಸುವವರು ವರ್ಲ್ಡ್-ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆನ್ ಮಾಡಬೇಕು. ಇಲ್ಲದಿದ್ದರೆ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಪುಕ್ಕಟೆ ಬೇಕಿದ್ದರೆ ಸ್ಕ್ರೈಬಸ್‌ನ 1.6 ಅಥವಾ ಅದಕ್ಕಿಂತ ಹೊಸ ಆವೃತ್ತಿ ಕನ್ನಡವನ್ನು ಸರಿಯಾಗಿ ಜೋಡಿಸುತ್ತೆ. ಚಿಕ್ಕ ಪುಸ್ತಕಕ್ಕೆ ಲಿಬ್ರೆಆಫೀಸ್ ಕೂಡ ಸಾಕು.

ಡಿಟಿಪಿ ಅಂಗಡಿಗೆ ಕೊಡುವುದಾದರೆ ಮೊದಲೇ ಕೇಳಿ: ಯೂನಿಕೋಡ್‌ನಲ್ಲೇ ಮಾಡುತ್ತೀರಾ, ಇಲ್ಲ ಹಳೆಯ ನುಡಿ ಫಾಂಟ್‌ಗೆ ಕನ್ವರ್ಟ್ ಮಾಡುತ್ತೀರಾ? ಕನ್ವರ್ಟ್ ಮಾಡಿದರೆ ಅಚ್ಚಾದ ಪುಸ್ತಕ ಚೆನ್ನಾಗೇ ಕಾಣಬಹುದು. ಆದರೆ ಆ ಪಿಡಿಎಫ್‌ನಲ್ಲಿ "ಮರಳು" ಅಂತ ಹುಡುಕಿದರೆ ಏನೂ ಸಿಗುವುದಿಲ್ಲ, ಒಳಗಿರುವುದು ಕನ್ನಡ ಅಕ್ಷರವೇ ಅಲ್ಲ. ಆಟದ ಮಧ್ಯೆ ಮೊಬೈಲ್‌ನಲ್ಲಿ ನಿಯಮ ಹುಡುಕುವವರಿಗೆ ಅದು ದೊಡ್ಡ ತೊಂದರೆ. ಕನ್ವರ್ಟ್ ಮಾಡುವಾಗ ಅರ್ಕಾವತ್ತು ಜಾಗ ಬದಲಾಯಿಸುವುದೂ ಉಂಟು. "ಶ್ರೀರಂಗಪಟ್ಟಣ, ರಾಷ್ಟ್ರ, ಸ್ತ್ರೀ, ಜ್ಞಾನ, ಕಾರ್ಯ, ರ‍್ಯಾಂಕ್" ಈ ಒಂದು ಸಾಲನ್ನು ಮೊದಲು ಹಾಕಿಸಿ ಪ್ರಿಂಟ್ ತೆಗೆಸಿ. ಸರಿ ಬಂದರೆ ಉಳಿದಿದ್ದೂ ಬಹುತೇಕ ಸರಿ ಬರುತ್ತೆ.

ಸೈಜ್‌ಗೆ 1/8 ಡೆಮಿ ಅಥವಾ ಎ5. ಒಳಪುಟಕ್ಕೆ 80 ಜಿಎಸ್‌ಎಂ ಮ್ಯಾಪ್ಲಿತೊ, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್. 48 ಪುಟಕ್ಕೆ ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್ ಬೇಡ, ಮಡಿಕೆಯ ಮಧ್ಯೆ ಪಿನ್ ಹೊಡೆಯುವ ಸೆಂಟರ್ ಪಿನ್ ಮಾಡಿಸಿ. ಟೇಬಲ್ ಮೇಲೆ ಅಗಲವಾಗಿ ತೆರೆದುಕೊಳ್ಳುತ್ತೆ. ಸೆಂಟರ್ ಪಿನ್‌ಗೆ ಪುಟದ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು. ಬಣ್ಣದ ಪುಟಕ್ಕೆ ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು ಬಿಡಿ. 50, 100 ಕಾಪಿ ಸಾಕಾದರೆ ಡಿಜಿಟಲ್ ಪ್ರಿಂಟ್. ಸಂಖ್ಯೆ ಜಾಸ್ತಿಯಾದ ಮೇಲೆ ಆಫ್‌ಸೆಟ್ ಅಗ್ಗ. ರಿಸರ್ವ್ ಬ್ಯಾಂಕಿನ ನೋಟು ಅಚ್ಚಾಗುವ ಊರು ನಮ್ಮದು, ನಿಮ್ಮ ಪುಸ್ತಕ ಯಾವ ಲೆಕ್ಕ! ಎರಡು ಮೂರು ಪ್ರೆಸ್‌ನಲ್ಲಿ ಕೊಟೇಶನ್ ಕೇಳಿ. ಒಂದು ಸ್ಯಾಂಪಲ್ ಕಾಪಿ ಕೈಗೆ ಬರುವವರೆಗೆ ಪೂರ್ತಿ ಆರ್ಡರ್ ಕೊಡಬೇಡಿ.

ಸರ್ಕಾರಿ ಕಾಗದಗಳು

ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ನಂಬರ್, ನಮ್ಮ ದೇಶದಲ್ಲಿ ಪುಕ್ಕಟೆ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮಧ್ಯವರ್ತಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ಅಚ್ಚಿನ ಪುಸ್ತಕಕ್ಕೂ ಪಿಡಿಎಫ್‌ಗೂ ಬೇರೆ ಬೇರೆ ನಂಬರ್. ಪಿಡಿಎಫ್ ಮಾತ್ರ ಮಾರುವವರಿಗೆ ಐಎಸ್‌ಬಿಎನ್ ಇಲ್ಲದಿದ್ದರೂ ನಡೆಯುತ್ತೆ. ಪುಸ್ತಕದ ಅಂಗಡಿಗೆ ಹೋಗುವುದಾದರೆ ಬೇಕು.

ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ. ಜಗಳ ಬಂದಾಗ ಸಾಕ್ಷಿಗೆ ಒಳ್ಳೆಯದು. ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ಆನ್‌ಲೈನ್‌ನಲ್ಲಿ ಫಾರಂ 14 ತುಂಬಬೇಕು. ಯಾರಾದರೂ ಆಕ್ಷೇಪ ಎತ್ತುತ್ತಾರಾ ಅಂತ 30 ದಿನ ಕಾಯುತ್ತಾರೆ. ಪುಸ್ತಕದ ಹೆಸರಿಗೆ ಕಾಪಿರೈಟ್ ಸಿಗುವುದಿಲ್ಲ. ಹೆಸರು ಉಳಿಸಿಕೊಳ್ಳಬೇಕಿದ್ದರೆ ಟ್ರೇಡ್‌ಮಾರ್ಕ್, ಅದಕ್ಕೆ ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಒಂದೇ ಸಾಹಸಕ್ಕೆ ಅಷ್ಟು ಖರ್ಚು ಬೇಡ. ಸರಣಿ ಬರುವ ಹಾಗಿದ್ದರೆ ಯೋಚಿಸಿ.

1954ರ ಪುಸ್ತಕ ಸಲ್ಲಿಕೆ ಕಾಯ್ದೆ ಒಂದಿದೆ. ಪ್ರಕಟವಾದ 30 ದಿನದೊಳಗೆ ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಪ್ರಕಾಶನ ಅಂದರೆ ಪ್ರಕಾಶಕರು ನೀವೇ. ನಾಲ್ಕು ಕಾಪಿ ಎತ್ತಿಟ್ಟು ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಬೆಲೆ, ಮಾರಾಟ, ದುಡ್ಡು

ಇಂಗ್ಲಿಷ್ ಅಥವಾ ಎರಡೂ ಭಾಷೆಯ ಪಿಡಿಎಫ್‌ಗೆ ಹೊರದೇಶದ ತಾಣಗಳು ಸರಿ. ಐದು ಡಾಲರ್ ಬೆಲೆ ಇಟ್ಟಿರಿ ಅಂದುಕೊಳ್ಳಿ. ಡ್ರೈವ್‌ಥ್ರೂಆರ್‌ಪಿಜಿ ಅನ್ನುವ ತಾಣ ತನ್ನಲ್ಲಿ ಮಾತ್ರ ಮಾರುವವರಿಗೆ 70 ಪರ್ಸೆಂಟ್, ಬೇರೆಡೆಯೂ ಮಾರುವವರಿಗೆ 65 ಕೊಡುತ್ತೆ. ಅಂದರೆ 3.50 ಅಥವಾ 3.25. ಡಿಎಂಸ್ ಗಿಲ್ಡ್‌ನಲ್ಲಿ 2.50. ಇಚ್ ಡಾಟ್ ಐಒದಲ್ಲಿ ತಾಣದ ಪಾಲು ಎಷ್ಟು ಅಂತ ನೀವೇ ಹೇಳಬಹುದು, ಏನೂ ಬದಲಾಯಿಸದಿದ್ದರೆ 10 ಪರ್ಸೆಂಟ್. ಪಾವತಿ ಶುಲ್ಕ ಕಳೆಯುವ ಮುಂಚೆ 4.50 ಉಳಿಯುತ್ತೆ. ಹಾಗಂತ ಇಚ್‌ನಲ್ಲಿ ತಾನಾಗೇ ಮಾರಾಟ ಆಗುವುದಿಲ್ಲ. ಸಾಹಸ ಪುಸ್ತಕ ಹುಡುಕಿಕೊಂಡು ಜನ ಬರುವುದು ಡ್ರೈವ್‌ಥ್ರೂಗೆ ಜಾಸ್ತಿ. ಐದು ಪರ್ಸೆಂಟ್ ಆಸೆಗೆ ಒಂದೇ ಕಡೆ ಕಟ್ಟಿಹಾಕಿಕೊಳ್ಳದೆ ಎರಡೂ ಕಡೆ ಇಡಿ.

ದುಡ್ಡು ಬರುವುದು ಪೇಪಾಲ್‌ನಂಥ ದಾರಿಯಲ್ಲಿ. 2021ರ ಏಪ್ರಿಲ್‌ನಿಂದ ಪೇಪಾಲ್ ಭಾರತದೊಳಗಿನ ವ್ಯವಹಾರ ಮಾಡುತ್ತಿಲ್ಲ, ಹೊರದೇಶದಿಂದ ಬರುವುದಕ್ಕೆ ನಡೆಯುತ್ತೆ. ಪ್ಯಾನ್ ಬೇಕು. ಅಮೆರಿಕದ ತಾಣಗಳು ಡಬ್ಲ್ಯೂ-8ಬೆನ್ ಅನ್ನುವ ಫಾರಂ ಕೇಳುತ್ತವೆ. ಹೆದರಬೇಡಿ, ಬಿಟ್ಟೂ ಬಿಡಬೇಡಿ. ಅದರಲ್ಲಿ ಪ್ಯಾನ್ ನಂಬರ್ ಹಾಕಿ ಭಾರತ-ಅಮೆರಿಕ ತೆರಿಗೆ ಒಪ್ಪಂದವನ್ನು ಹೇಳಿಕೊಂಡರೆ ರಾಯಲ್ಟಿ ಮೇಲೆ ಅಲ್ಲಿ ಹಿಡಿಯುವ ತೆರಿಗೆ 30ರಿಂದ 15 ಪರ್ಸೆಂಟ್‌ಗೆ ಇಳಿಯುತ್ತೆ. ಇಲ್ಲಿನ ರಿಟರ್ನ್ಸ್‌ನಲ್ಲಿ ಆ ಆದಾಯ ತೋರಿಸಲೇಬೇಕು. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯುವ ದಾರಿ ಆಡಿಟರ್‌ಗೆ ಗೊತ್ತಿರುತ್ತೆ.

ಕನ್ನಡ ಪುಸ್ತಕಕ್ಕೆ ಊರಿನ ದಾರಿಯೇ ಸುಲಭ. ಯುಪಿಐನಲ್ಲಿ ದುಡ್ಡು ತಗೊಂಡು ಸ್ಪೀಡ್ ಪೋಸ್ಟ್ ಮಾಡಿ. ಒಂದೊಂದೇ ಕಾಪಿ ಅಚ್ಚು ಹಾಕಿ ಕಳಿಸುವ ಬೆಂಗಳೂರಿನ ಪೋಥಿಯಂಥ ಸೇವೆಯನ್ನೂ ನೋಡಿ. ಡ್ರೈವ್‌ಥ್ರೂ ಕೂಡ ಪ್ರಿಂಟ್ ಮಾಡಿ ಕಳಿಸುತ್ತೆ, ಆದರೆ ಮೈಸೂರಿಗೆ ಬರುವ ಹೊತ್ತಿಗೆ ಸಾಗಾಟದ ಖರ್ಚು ಪುಸ್ತಕದ ಬೆಲೆಯನ್ನೇ ನುಂಗುತ್ತೆ. ಪುಸ್ತಕದ ಅಂಗಡಿಯವರು ಕಮಿಷನ್ ಕೇಳುತ್ತಾರೆ, ಅದನ್ನು ಮೊದಲೇ ಬೆಲೆಯಲ್ಲಿ ಸೇರಿಸಿಕೊಳ್ಳಿ. ಅಂಗಡಿಗೆ ಒಂದು ಬೆಲೆ, ನಿಮ್ಮ ಹತ್ತಿರ ಒಂದು ಬೆಲೆ ಮಾಡಬೇಡಿ. ಅಂಗಡಿಯವರು ಎರಡನೇ ಸಲ ತಗೊಳ್ಳುವುದಿಲ್ಲ.

ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಡೈಸ್, ಕಾರ್ಡ್ ಸೇರಿಸಿ ಡಬ್ಬಿ ಮಾಡಿದರೆ ಅದು ಪುಸ್ತಕ ಅಲ್ಲ, ಆಟದ ಸಾಮಾನು. ಲೆಕ್ಕ ಬೇರೆ. ಮೊದಲ ಸಲಕ್ಕೆ ಪುಸ್ತಕ ಮಾತ್ರ ಮಾಡಿ, ಡೈಸ್ ಓದುಗರೇ ತಂದುಕೊಳ್ಳಲಿ.

ಬಂದ ಮೇಲೆ

ಯಾರಾದರೂ ನಿಮ್ಮ ಪಿಡಿಎಫ್‌ನ್ನು ಪೂರ್ತಿ ಎತ್ತಿ ಬೇರೆಡೆ ಮಾರುತ್ತಿದ್ದರೆ ಆ ತಾಣದ ಕಾಪಿರೈಟ್ ದೂರಿನ ಫಾರಂ ತುಂಬಿ. ಮೊದಲ ದಿನದ ಹಾಳೆ, ಕಲಾವಿದರ ಸಹಿಯ ಕಾಗದ, ಮೂಲ ಫೈಲ್‌ಗಳು ಆಗ ಬೇಕಾಗುತ್ತವೆ, ಹಾಗಾಗಿ ಒಂದೇ ಫೋಲ್ಡರ್‌ನಲ್ಲಿ ಇಟ್ಟಿರಿ. ತೆರೆದಿಟ್ಟ ನಿಯಮಗಳನ್ನು ಹೆಸರು ಹಾಕಿ ಬಳಸಿದವರ ಮೇಲೆ ಮಾತ್ರ ಸಿಟ್ಟು ಮಾಡಬೇಡಿ, ಅನುಮತಿ ಕೊಟ್ಟಿದ್ದು ನೀವೇ.

ಓದುಗರು ತಪ್ಪು ಹುಡುಕಿ ಕಳಿಸುತ್ತಾರೆ. ಪಿಡಿಎಫ್ ತಿದ್ದಿ 1.1 ಅಂತ ಹಾಕಿ, ಹಿಂದೆ ಕೊಂಡವರಿಗೂ ಪುಕ್ಕಟೆ ಕೊಡಿ. ಪುಟದ ಸಂಖ್ಯೆ ಬದಲಾದರೆ ಎರಡನೇ ಪುಟದ "40ರಿಂದ 46" ಅನ್ನುವುದನ್ನೂ ಬದಲಾಯಿಸಬೇಕು. ಇಲ್ಲದಿದ್ದರೆ ಕಥೆಯ ಒಂದು ಪುಟವೇ ಎಲ್ಲರಿಗೂ ಬಿಟ್ಟುಕೊಟ್ಟ ಹಾಗಾಗುತ್ತೆ. ಅಚ್ಚಾಗಿ ಉಳಿದ ಕಾಪಿಗಳಿಗೆ ತಿದ್ದುಪಡಿಯ ಒಂದು ಚೀಟಿ ಜೆರಾಕ್ಸ್ ಮಾಡಿ ರಕ್ಷಾಪುಟದ ಒಳಗೆ ಸಿಕ್ಕಿಸಿ.